ಟೇಕಡಿಗೆ ನೀರು ಹತ್ತುವುದಿಲ್ಲ

"ಟೀಚರ್, ಪುಸ್ತಕದಾಗ ತಪ್ಪೈತಿ."

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಹೀಗೆ ಹೇಳಿದಾಗ ನಾನು ಬೋರ್ಡಿನ ಮೇಲೆ ಬೆಟ್ಟ ಬರೆಯುತ್ತಿದ್ದೆ. ಮುಂಬೈ ಮಹಾನಗರಪಾಲಿಕೆಯ ಕನ್ನಡ ಶಾಲೆ, ಐದನೇ ತರಗತಿ, ಜೂನ್ ಕೊನೆಯ ವಾರ. ಕಿಟಕಿಯಿಂದ ಇರಚಲು ಹೊಡೆದು ಮೊದಲ ಸಾಲಿನ ಮಕ್ಕಳನ್ನೆಲ್ಲ ಗೋಡೆಯ ಕಡೆಗೆ ಸರಿಸಿದ್ದೆ. ಪಾಠದಲ್ಲಿ ಇದ್ದದ್ದು ಇಷ್ಟೇ: ಬಯಲಿನಲ್ಲಿ ಜನ ಹೆಚ್ಚು, ಬೆಟ್ಟಗುಡ್ಡಗಳಲ್ಲಿ ಜನ ಕಡಿಮೆ. ಕಾರಣಗಳನ್ನು ಮಕ್ಕಳು ಬಾಯಿಪಾಠ ಮಾಡಿದ್ದರು. ಉಳುವುದಕ್ಕೆ ಕಷ್ಟ, ರಸ್ತೆ ಮಾಡುವುದಕ್ಕೆ ಕಷ್ಟ, ಚಳಿ ಹೆಚ್ಚು.

"ಏನು ತಪ್ಪು?"

"ನಮ್ಮ ಟೇಕಡಿ ಮ್ಯಾಲ ಕಾಲಿಡಾಕ ಜಾಗ ಇಲ್ಲ ಟೀಚರ್. ಕೆಳಗ ಬಂಗಲೆ ಸುತ್ತ ಎಷ್ಟ್ ಖಾಲಿ ಐತಿ!"

ಹುಡುಗನ ಅಪ್ಪ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮನೆ ಭಾಂಡುಪ್ ಪಶ್ಚಿಮದ ಗುಡ್ಡದ ಮೇಲೆ. ಟೇಕಡಿ ಎಂದರೆ ಮರಾಠಿಯಲ್ಲಿ ದಿಣ್ಣೆ, ಸಣ್ಣ ಗುಡ್ಡ. ಮುಂಬೈ ಕನ್ನಡಿಗರಾದ ನಾವೆಲ್ಲ ಹಾಗೆಯೇ ಅನ್ನುತ್ತೇವೆ. ಕ್ಲಾಸು ನಕ್ಕಿತು, ನಾನೂ ನಕ್ಕೆ, "ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವುದನ್ನೇ ಬರೆ ಮಾರಾಯ" ಎಂದು ಕೂರಿಸಿದೆ. ಶಿಕ್ಷಕಿಯಾಗಿ ನಾನು ಕೊಟ್ಟ ಕೆಟ್ಟ ಉತ್ತರಗಳಲ್ಲಿ ಅದೂ ಒಂದು. ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತಳಾದ ಮೇಲೂ ಆ ಹುಡುಗನಿಗೊಂದು ಸರಿಯಾದ ಉತ್ತರ ಬಾಕಿ ಇದೆ ಅನ್ನಿಸುತ್ತಲೇ ಇತ್ತು.

ಪಾಠ ಬರೆದವರನ್ನು ಪೂರ್ತಿ ದೂರಲಾರೆ. ಅವರ ಮನಸ್ಸಿನಲ್ಲಿ ಇದ್ದದ್ದು ಯುರೋಪಿನಂಥ ಚಳಿದೇಶದ ಬೆಟ್ಟ. ಅಲ್ಲಿ ಮೇಲೆ ಹಿಮ, ಕೆಳಗಿನ ಕಣಿವೆಯಲ್ಲಿ ಗೋಧಿ, ಆದ್ದರಿಂದ ಜನ ಕೆಳಗೆ. ಬಿಸಿಲುನಾಡುಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಸಾವಿರ ಮೀಟರು ಮೇಲೇರಿದರೆ ಶಾಖ ಹೆಚ್ಚುಕಡಿಮೆ ಆರೂವರೆ ಡಿಗ್ರಿ ಇಳಿಯುತ್ತದೆ. ಸಮಭಾಜಕ ವೃತ್ತದ ಆಸುಪಾಸಿನ ತಗ್ಗಿನಲ್ಲಿ ಬೆವರು, ಸೊಳ್ಳೆ, ಚಳಿಜ್ವರ. ಮೇಲೆ ಹೋದರೆ ವರ್ಷವಿಡೀ ನಮ್ಮ ಡಿಸೆಂಬರಿನ ಬೆಳಗಿನಂಥ ಹವೆ. ಕೊಲಂಬಿಯದ ಬೊಗೋಟ 2,600 ಮೀಟರ್ ಎತ್ತರದಲ್ಲಿದೆ, ಈಕ್ವೆಡಾರಿನ ಕೀಟೋ 2,850, ಇಥಿಯೋಪಿಯದ ಅಡಿಸ್ ಅಬಾಬ 2,300ಕ್ಕೂ ಮೇಲೆ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರು 920 ಮೀಟರಿನಲ್ಲಿ ಕುಳಿತುಕೊಂಡು ತನ್ನ ಹವೆಯ ಬಗ್ಗೆ ಕೊಚ್ಚಿಕೊಳ್ಳುವುದನ್ನು ಇಲ್ಲಿ ಬೆವರೊರೆಸಿಕೊಳ್ಳುತ್ತ ಕೇಳಿಸಿಕೊಂಡವರೇ ನಾವೆಲ್ಲ.

ಹಾಗಾದರೆ ಮುಂಬೈ? ಹತ್ತೊಂಬತ್ತು ಡಿಗ್ರಿ ಅಕ್ಷಾಂಶ, ಕಾಲ ಬುಡದಲ್ಲಿ ಸಮುದ್ರ, ಭರತ ಬಂದರೆ ಉಬ್ಬುವ ಗಟಾರ. ಐವತ್ತು ಅರವತ್ತು ಕಿಲೋಮೀಟರು ಪೂರ್ವಕ್ಕೆ ಸಾವಿರ ಮೀಟರಿನ ಸಹ್ಯಾದ್ರಿ ತಂಪಾಗಿ ನಿಂತಿದೆ. ಊರು ಅಲ್ಲೇಕೆ ಹತ್ತಲಿಲ್ಲ?

ಈ ಪ್ರಶ್ನೆಗೆ ಅರ್ಧ ಉತ್ತರ ನನಗೆ ಸಿಕ್ಕಿದ್ದು ನನ್ನ ಮದುವೆಯಲ್ಲಿ. ನಾನು ಕಾರ್ಕಳ ತಾಲ್ಲೂಕಿನವಳು, ಘಟ್ಟದ ಬುಡದವಳು. ನಮ್ಮವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಮಧ್ಯ ರೈಲ್ವೆಯ ಲೋಕೋದಲ್ಲಿ ಕೆಲಸ. ಇಬ್ಬರೂ ಕನ್ನಡದವರೇ, ಮಧ್ಯದಲ್ಲಿ ಒಂದು ಘಟ್ಟ. ಮದುವೆಯ ಮರುವಾರ ನಮ್ಮೂರಿಗೆ ಬಂದವರು ಬಸ್ಸಿಳಿದು ಸುತ್ತ ನೋಡಿ, "ಎಲ್ಲೈತಿ ನಿಮ್ಮೂರು?" ಎಂದರು. ಇದೇ ಊರು ಎಂದೆ. ಗುಡ್ಡದ ಮಗ್ಗುಲಲ್ಲಿ ಒಂದು ಹಂಚಿನ ಮನೆ, ಆಮೇಲೆ ಅಡಿಕೆ ತೋಟ, ಕೆಳಗೆ ಬೈಲು, ತೋಡು, ಅದರಾಚೆ ಇನ್ನೊಂದು ಮನೆಯ ಹೊಗೆ. ನೆರೆಮನೆಗೆ ಹೋಗಬೇಕಾದರೆ ಎರಡು ಸಂಕ ದಾಟಬೇಕು. "ಇದ ಊರಲ್ಲ, ಮನಿ ಕಳಕೊಂಡ ಮಂದಿ" ಅಂದರು.

ಇಂಡಿಯ ಕಡೆ ಹೋದಾಗ ನನ್ನ ಸರದಿ. ಹತ್ತಾರು ಮೈಲಿ ಎರೆಹೊಲ, ಮನುಷ್ಯರ ಸುಳಿವಿಲ್ಲ. ಆಮೇಲೆ ಒಮ್ಮೆಲೇ ಗೋಡೆಗೆ ಗೋಡೆ ತಾಗಿದ ಮಾಳಿಗೆ ಮನೆಗಳು, ಒಂದರ ಮಾಳಿಗೆಯಿಂದ ಇನ್ನೊಂದರ ಮಾಳಿಗೆಗೆ ದಾಟಬಹುದು. ನಡುವೆ ಬಾವಿ. ಇಡೀ ಊರು ಆ ಬಾವಿಯ ಸುತ್ತ ಮುದುಡಿ ಕೂತಿತ್ತು. ಅತ್ತೆಯವರು ಮಾತಿನ ನಡುವೆ ನೀರನ್ನು ಅಳೆಯುತ್ತಿದ್ದರು, ಕೊಡದ ಲೆಕ್ಕದಲ್ಲಿ.

ಭೂಗೋಳದ ಪುಸ್ತಕಗಳಲ್ಲಿ ಚದುರಿದ ವಸತಿ, ಗುಂಪು ವಸತಿ ಎಂದು ಎರಡು ಚಿತ್ರಗಳಿರುತ್ತವೆ. ಅವೆರಡೂ ನನ್ನ ತವರು ಮತ್ತು ಗಂಡನ ಮನೆ. ನೀರು ಎಲ್ಲ ಕಡೆ ಸಿಗುವಲ್ಲಿ ಪ್ರತಿ ಮನೆಯೂ ತನ್ನದೇ ಬಾವಿ ತೋಡಿಕೊಂಡು ಒಂಟಿಯಾಗಿ ನಿಲ್ಲಬಲ್ಲದು. ಒಂದೇ ಕಡೆ ಸಿಗುವಲ್ಲಿ ಜನರೂ ಒಂದೇ ಕಡೆ. ಎರಡನ್ನೂ ಮಾಡಿದ್ದು ಒಂದೇ ಬೆಟ್ಟಸಾಲು. ನೈರುತ್ಯ ಗಾಳಿ ಅರಬ್ಬಿ ಸಮುದ್ರದ ಹಸಿ ಹೊತ್ತು ಬರುತ್ತದೆ, ಘಟ್ಟಕ್ಕೆ ಮುಖ ಕೊಟ್ಟು ಮೇಲೇರಲೇಬೇಕಾಗುತ್ತದೆ, ಮೇಲೇರಿದಂತೆ ತಣ್ಣಗಾಗಿ ಹಿಡಿದ ನೀರನ್ನು ಬಿಡುತ್ತದೆ. ಶಿಖರ ದಾಟಿ ಆಚೆ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ, ವಿಜಯಪುರದಲ್ಲಿ ಸುಮಾರು ಆರು ನೂರು. ಮಹಾರಾಷ್ಟ್ರದಲ್ಲೂ ಇದೇ ಕತೆ: ಮಹಾಬಳೇಶ್ವರದಲ್ಲಿ ಐದೂವರೆ ಸಾವಿರ, ಪುಣೆಯಲ್ಲಿ ಏಳು ನೂರರ ಆಸುಪಾಸು. ನಮ್ಮವರು ಇದನ್ನು ಊಟಕ್ಕೆ ಕೂತಾಗ ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ನಿಮ್ಮವ್ರು ಕುಡಿದ ಬಿಟ್ಟ ಮಳಿ ನಮಗ ಬರ್ತದ." ನನ್ನ ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಅವರ ತಟ್ಟೆಯಲ್ಲಿ ಜೋಳದ ರೊಟ್ಟಿ. ನಲವತ್ತು ವರ್ಷವಾದರೂ ಆ ವಿಷಯದಲ್ಲಿ ರಾಜಿಯಿಲ್ಲ.

ಘಟ್ಟದ ನೆತ್ತಿಯ ಮೇಲೆ ಊರು ಬೆಳೆಯದಿದ್ದುದಕ್ಕೂ ಕಾರಣ ಇಲ್ಲೇ ಇದೆ. ನೆತ್ತಿ ತಂಪೇನೋ ಹೌದು. ಆದರೆ ನಾಲ್ಕು ತಿಂಗಳಲ್ಲಿ ಐದು ಸಾವಿರ ಮಿಲಿಮೀಟರು ಸುರಿದರೆ ಮಣ್ಣಿನ ಸತ್ವವೆಲ್ಲ ತೊಳೆದು ಹೋಗಿ ಕೆಂಪು ಮುರಕಲ್ಲು ಉಳಿಯುತ್ತದೆ. ಬೀಳುವ ನೀರು ಕಡಿದಾದ ಕಪ್ಪುಬಂಡೆಯ ಮೇಲೆ ಜಾರಿ ಕೆಳಗೋಡುತ್ತದೆ. ಫೆಬ್ರವರಿಯ ಹೊತ್ತಿಗೆ ಅಷ್ಟು ಮಳೆ ಕಂಡ ಹಳ್ಳಿಯಲ್ಲೇ ಹೆಂಗಸರು ಕೊಡ ಹಿಡಿದು ಕಣಿವೆಗೆ ಇಳಿಯುತ್ತಾರೆ. ಹೀಗಾಗಿ ನೆತ್ತಿಯಲ್ಲಿ ಧನಗರರು, ಮಹಾದೇವ ಕೋಳಿಗಳು, ಠಾಕರರು, ಅಲ್ಲೊಂದು ಇಲ್ಲೊಂದು ವಾಡಿ. ಜನ ನೆಲೆಯೂರಿದ್ದು ನೆತ್ತಿಗಿಂತ ಸ್ವಲ್ಪ ಪೂರ್ವಕ್ಕೆ, ಮಳೆ ಸಾಕೆನ್ನುವಷ್ಟು ಬಿದ್ದು ಬೇಡವೆನ್ನುವ ಮೊದಲು ನಿಲ್ಲುವ ಗೆರೆಯಲ್ಲಿ. ನಕಾಶೆ ಬಿಡಿಸಿ ನೋಡಿ: ನಾಸಿಕ, ಪುಣೆ, ಸಾತಾರಾ, ಕೊಲ್ಹಾಪುರ, ನಮ್ಮ ಬೆಳಗಾವಿ, ಧಾರವಾಡ. ಯಾರೋ ಘಟ್ಟದ ಬೆನ್ನಿಗೆ ದಾರ ಹಿಡಿದು ಪೋಣಿಸಿದ ಹಾಗೆ ಇಲ್ಲವೇ?

ಇಂಗ್ಲಿಷರು ಇದನ್ನು ಚೆನ್ನಾಗಿ ಅರಿತಿದ್ದರು, ಅವರ ಬಳಿ ಹಣವೂ ಇತ್ತು. ಮುಂಬೈ ಪ್ರಾಂತದ ಸರಕಾರ ಬೇಸಿಗೆಯಲ್ಲಿ ಮಹಾಬಳೇಶ್ವರ, ಮಳೆಗಾಲದಲ್ಲಿ ಪುಣೆ, ಚಳಿಗಾಲದಲ್ಲಿ ಮುಂಬೈ ಎಂದು ಕಡತಗಳ ಸಮೇತ ತಿರುಗುತ್ತಿತ್ತು. 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಮಾಥೇರಾನ್ ಗುಡ್ಡ ಹತ್ತಿ ಬಂದ ಮೇಲೆ ಸಿರಿವಂತರ ಬಂಗಲೆಗಳು ಅಲ್ಲೂ ಎದ್ದವು. ಇವೆಲ್ಲ ರಜೆಯ ಊರುಗಳು. ಹೊಟ್ಟೆಪಾಡಿನ ಊರು ಕೆಳಗೇ ಉಳಿಯಿತು, ಬಂದರು ಇದ್ದಲ್ಲಿ.

ಮತ್ತೆ ಆ ಬಂದರಿಗೆ ಅನ್ನ ಹಾಕಿದ್ದೂ ಘಟ್ಟದ ಆಚೆಯ ಒಣನೆಲವೇ. ಮಳೆ ಕಡಿಮೆ ಇರುವ ಆ ಎರೆಮಣ್ಣಿನಲ್ಲಿ ಹತ್ತಿ ಬೆಳೆಯುತ್ತದೆ. ಹತ್ತಿ ಸಮುದ್ರಕ್ಕೆ ಇಳಿಯಬೇಕಾದರೆ ಘಟ್ಟದಲ್ಲಿ ಸಂದು ಬೇಕು. ಮೊದಲು ಎತ್ತಿನ ಹೇರು, 1830ರಲ್ಲಿ ಭೋರ್ ಘಾಟಿನ ಗಾಡಿರಸ್ತೆ, 1863ರಲ್ಲಿ ಅದೇ ಘಾಟಿನಲ್ಲಿ ರೈಲು. ಇಪ್ಪತ್ತೈದು ಸುರಂಗ. ಏರು ಎಷ್ಟು ಕಡಿದೆಂದರೆ 37 ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಮೇಲೆ. ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್‌ವೆಲ್ ಇಲ್ಲಿಗೆ ಬಂದ ಸ್ವಲ್ಪ ದಿನದಲ್ಲೇ 1859ರಲ್ಲಿ ತೀರಿಕೊಂಡಾಗ ಅವನ ಹೆಂಡತಿ ಆಲಿಸ್ ಊರಿಗೆ ಮರಳದೆ ಗುತ್ತಿಗೆಯನ್ನು ತಾನೇ ಹೊತ್ತು ನಡೆಸಿದಳು. ರೈಲ್ವೆಯವರ ಹೆಂಡತಿಯಾದ ನನಗೆ ಆಕೆಯ ಹೆಸರು ಶಾಲೆಯ ಪುಸ್ತಕದಲ್ಲಿ ಇಲ್ಲದಿರುವುದು ಬೇಸರ. ಘಾಟಿನ ಕಾಲುದಾರಿಯನ್ನು ಸಾಹೇಬರಿಗೆ ತೋರಿಸಿದವನು ಶಿಂಗ್ರೋಬಾ ಎಂಬ ಧನಗರ ಕುರುಬ ಎಂಬ ಕತೆಯೂ ಇದೆ. ಹಳೆಯ ಖೋಪೋಲಿ ರಸ್ತೆಯಲ್ಲಿ ಅವನ ಗುಡಿಗೆ ಲಾರಿ ಡ್ರೈವರುಗಳು ಇಂದಿಗೂ ಚಿಲ್ಲರೆ ಎಸೆದು ಕೈಮುಗಿದು ಹೋಗುತ್ತಾರೆ.

ಆ ಏರಿನಲ್ಲಿ ನಮ್ಮವರು ವರ್ಷಗಟ್ಟಲೆ ದುಡಿದರು. ಪುಣೆಗೆ ಹೋಗುವ ಗಾಡಿ ಕರ್ಜತ್‌ನಲ್ಲಿ ನಿಂತಾಗ ಪ್ರಯಾಣಿಕರು ಇಳಿದು ಬಟಾಟೆ ವಡಾ ತಿನ್ನುತ್ತಾರಲ್ಲ, ಆ ಹೊತ್ತಿಗೆ ಹಿಂದುಗಡೆ ದೂಡುವ ಇಂಜಿನು ಜೋಡಿಸುತ್ತಾರೆ. ಅದಕ್ಕೆ ಬ್ಯಾಂಕರ್ ಎಂದು ಹೆಸರು. "ಜನ ವಡಾ ತಿಂತಾರ, ನಾವ್ ಅವರನ್ನ ದೂಡ್ತೀವಿ" ಎನ್ನುತ್ತಿದ್ದರು. ಈಗ ನಿವೃತ್ತರಾದರೂ ಪುಣೆಗೆ ಹೊರಟಾಗ ಕರ್ಜತ್ ಬಂದೊಡನೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡುತ್ತಾರೆ. ವಡಾ ನಾನೊಬ್ಬಳೇ ತಿನ್ನುತ್ತೇನೆ.

ಅಮೆರಿಕದ ಅಂತರ್ಯುದ್ಧ (1861–65) ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ನಿಂತ ಹೊತ್ತಿನಲ್ಲೇ ಘಾಟಿನ ರೈಲು ಬಂದದ್ದು ಮುಂಬೈಯ ಅದೃಷ್ಟ. ಹತ್ತಿಯ ಜೊತೆ ಮನುಷ್ಯರೂ ಇಳಿದರು. ಸಹ್ಯಾದ್ರಿಯ ಮೇಲಿನಿಂದ ಹಮಾಲಿಗೆ, ಕೂಲಿಗೆ ಬಂದವರನ್ನು ಮುಂಬೈ 'ಘಾಟಿ' ಎಂದು ಕರೆಯಿತು. ಅದು ಇವತ್ತಿಗೂ ಬೈಗುಳದಂತೆ ಬಳಸುವ ಮಾತು. ಒಬ್ಬ ಮನುಷ್ಯನನ್ನು ಅವನು ಇಳಿದು ಬಂದ ಬೆಟ್ಟದ ಹೆಸರಿನಿಂದ ಹೀಗಳೆಯುವುದು ನನಗೆ ಇನ್ನೂ ಅರ್ಥವಾಗಿಲ್ಲ. ಗಿರಣಿಗಳನ್ನು ತುಂಬಿದವರು ಹೆಚ್ಚಾಗಿ ರತ್ನಾಗಿರಿಯ ಕೊಂಕಣಿಗರು. ಅವರದು ನಮ್ಮ ಕರಾವಳಿಯದೇ ಪಾಡು: ಒಂದು ಕಡೆ ಘಟ್ಟ, ಒಂದು ಕಡೆ ಕಡಲು, ನಡುವಿನ ಪಟ್ಟಿಯಲ್ಲಿ ಮುರಕಲ್ಲಿನ ಗುಡ್ಡಗಳು, ಗುಡ್ಡಗಳ ಸಂದಿಯಲ್ಲಿ ಅಂಗೈಯಗಲದ ಗದ್ದೆ. ಮಳೆಗೆ ಕೊರತೆಯಿಲ್ಲ, ನೆಲಕ್ಕೆ ಕೊರತೆ. ಮನೆಯಲ್ಲಿ ನಾಲ್ಕು ಗಂಡುಮಕ್ಕಳಾದರೆ ಇಬ್ಬರು ಮುಂಬೈಗೆ. ನನ್ನ ಅಪ್ಪನೂ ಹಾಗೆಯೇ ಮಾಟುಂಗದ ಹೋಟೆಲಿಗೆ ಬಂದವರು, ತಟ್ಟೆ ತೊಳೆಯುವುದರಿಂದ ಶುರು. ಆಗ ಮಂಗಳೂರಿನಿಂದ ಹಡಗು ಇತ್ತು, ಮಳೆಗಾಲದಲ್ಲಿ ಅದೂ ಬಂದ್. ಘಟ್ಟದ ಬುಡದಲ್ಲೇ ಓಡುವ ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಗುಡ್ಡ ಜರಿಯುವ ಹೆದರಿಕೆಗೆ ಅದಕ್ಕೆ ಇಂದಿಗೂ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ.

ಹೀಗೆ ಮಳೆ ಹೆಚ್ಚಾದ ಕಡೆಯಿಂದ ನಾವು, ಕಡಿಮೆಯಾದ ಕಡೆಯಿಂದ ಅವರು, ಮುಂಬೈಯ ಒಂದೇ ಚಾಳಿನಲ್ಲಿ ಸಾಲಾಗಿ ಕೊಡ ಇಟ್ಟೆವು.

ಇನ್ನು ಊರೊಳಗಿನ ಬೆಟ್ಟ. ಮುಂಬೈಯಲ್ಲಿ ಬೆಟ್ಟ ಎಲ್ಲಿದೆ ಎಂದು ಊರಿನ ನೆಂಟರು ಕೇಳುತ್ತಾರೆ. ಹೆಸರುಗಳನ್ನು ಕಿವಿಗೊಟ್ಟು ಕೇಳಿದರೆ ಸಾಕು. ಡೋಂಗ್ರಿಯಲ್ಲಿ 'ಡೋಂಗರ್' ಇದೆ, ಗಿರ್‌ಗಾಂವ್‌ನಲ್ಲಿ ಗಿರಿ ಇದೆ, ಘಾಟ್‌ಕೋಪರ್‌ನಲ್ಲಿ ಘಾಟ್ ಇದೆ ಎನ್ನುತ್ತಾರೆ. ದ್ವೀಪಗಳ ನಡುವಿನ ಕಡಲು ತುಂಬಿಸುವಾಗ ಎಷ್ಟೋ ದಿಣ್ಣೆಗಳು ಮಣ್ಣಾಗಿ ಹೋದವು. ಉಳಿದ ದೊಡ್ಡ ಬೆಟ್ಟ ನಗರದ ನಟ್ಟನಡುವೆ ಇರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಸುಮಾರು 104 ಚದರ ಕಿಲೋಮೀಟರು. ಅದರ ಅತಿ ಎತ್ತರದ ಜಾಗ 470 ಮೀಟರಿಗೆ ಸ್ವಲ್ಪ ಕಡಿಮೆ.

ಮುಂಬೈಯ ಬೆಟ್ಟದಲ್ಲಿ ಮೊದಲು ಒಪ್ಪವಾಗಿ ಬಾಳಿದವರು ಕನ್ಹೇರಿಯ ಬೌದ್ಧ ಭಿಕ್ಷುಗಳು ಎಂದು ನನ್ನ ಎಣಿಕೆ. ಎರಡು ಸಾವಿರ ವರ್ಷಗಳಷ್ಟು ಹಿಂದೆ ಶುರುವಾಗಿ ನೂರಕ್ಕೂ ಹೆಚ್ಚು ಗುಹೆಗಳು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಅವರು ದೊಡ್ಡ ಚೈತ್ಯದಲ್ಲಿ ಕೂಗಿ ಪ್ರತಿಧ್ವನಿ ಕೇಳುತ್ತಿದ್ದರು, ನಾನು ಗುಹೆಗಳ ಪಕ್ಕದ ತೊಟ್ಟಿ ತೋರಿಸುತ್ತಿದ್ದೆ. ಬಂಡೆಯ ಮೇಲೆ ಬೆರಳಗಲದ ಕಾಲುವೆ ಕೊರೆದು, ನಾಲ್ಕು ತಿಂಗಳ ಮಳೆಯನ್ನು ತೊಟ್ಟಿಗೆ ಇಳಿಸಿಕೊಂಡು, ಎಂಟು ತಿಂಗಳು ಕುಡಿದರು. ಕೆಳಗೆ ಸೋಪಾರಾ, ಕಲ್ಯಾಣ್ ಬಂದರುಗಳ ವ್ಯಾಪಾರದ ದಾರಿ ಇತ್ತು. ಮೇಲೆ ಗಾಳಿ, ನೀರು, ನೆಮ್ಮದಿ. ನೀರನ್ನು ಬಿದ್ದಲ್ಲೇ ಹಿಡಿದಿಟ್ಟುಕೊಂಡದ್ದರಿಂದ ಎತ್ತರದಲ್ಲಿ ಉಳಿದರು. ಅಂದ ಹಾಗೆ, ನಮ್ಮ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದ ಶಾಸನಗಳು ಈ ಕನ್ಹೇರಿಯ ಗೋಡೆಯ ಮೇಲಿವೆ, ಸಂಸ್ಕೃತದಲ್ಲಿ, ಒಂಬತ್ತನೇ ಶತಮಾನದವು. ಆಗ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. 'ಕವಿರಾಜಮಾರ್ಗ'ದ ಅರಸನ ಹೆಸರು ಬೊರಿವಲಿಯ ಕಾಡಿನಲ್ಲಿದೆ ಎಂದಾಗ ಮಕ್ಕಳು ನಂಬುತ್ತಿರಲಿಲ್ಲ.

ಭಿಕ್ಷುಗಳ ತೊಟ್ಟಿಯನ್ನೇ ದೊಡ್ಡದು ಮಾಡಿದಂತೆ ಇಂಗ್ಲಿಷರು ಅದೇ ಬೆಟ್ಟಗಳ ಮಡಿಲಲ್ಲಿ 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ ಕೆರೆ ಕಟ್ಟಿದರು. ಕೆರೆಗೆ ನೀರು ಬರುವ ಇಳಿಜಾರಿನಲ್ಲಿ ಮನೆ ಕಟ್ಟಗೊಡಲಿಲ್ಲ, ಕಾಡು ಉಳಿಯಿತು. ಕಾಡು ಉಳಿದದ್ದರಿಂದ ನಗರ ಅದರ ಎರಡು ಮಗ್ಗುಲಿಗೆ ಎರಡು ತೋಳುಗಳಂತೆ ಬೆಳೆಯಿತು: ಪಶ್ಚಿಮ ರೈಲ್ವೆಯ ಗೋರೆಗಾಂವ್–ಬೊರಿವಲಿ ಒಂದು ತೋಳು, ಮಧ್ಯ ರೈಲ್ವೆಯ ಭಾಂಡುಪ್–ಮುಲುಂಡ್ ಇನ್ನೊಂದು. ನಮ್ಮ ಗ್ಯಾಲರಿಯಿಂದ ಕಾಣುವ ಗುಡ್ಡದ ಹಿಂದೆಯೇ ನನ್ನ ಚಿಕ್ಕಮ್ಮನ ಬೊರಿವಲಿ. ಹಕ್ಕಿಗೆ ಹತ್ತು ನಿಮಿಷ. ನಮಗೆ ಲೋಕಲ್ ಹಿಡಿದು ದಾದರಿಗೆ ಇಳಿದು, ಸೇತುವೆ ದಾಟಿ, ಮತ್ತೆ ಉತ್ತರಕ್ಕೆ ಹತ್ತಿ ಎರಡು ಗಂಟೆ. 'ಸೆಂಟ್ರಲ್‌ನವರು', 'ವೆಸ್ಟರ್ನ್‌ನವರು' ಎಂದು ಸಂಬಂಧ ಹುಡುಕುವಾಗಲೂ ಕೇಳುವಷ್ಟು ದೂರ. ಗೋರೆಗಾಂವ್–ಮುಲುಂಡ್ ಮಧ್ಯೆ ಬೆಟ್ಟದಡಿ ಜೋಡಿ ಸುರಂಗ ಕೊರೆಯುವ ಯೋಜನೆ ಇದೆ. ಚಿಕ್ಕಮ್ಮ ಅಷ್ಟರವರೆಗೆ ಇರಲಿ ಎಂದು ಹಾರೈಸುತ್ತೇನೆ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಮಲಬಾರ್ ಹಿಲ್ ಒಂದು ದಿಣ್ಣೆ, ಐವತ್ತು ಮೀಟರಿನ ಆಚೀಚೆ. ಅಲ್ಲಿ ರಾಜಭವನ, ಮಂತ್ರಿಗಳ ಬಂಗಲೆಗಳು, ದೇಶದ ಅತಿ ದುಬಾರಿ ಮನೆಗಳು. ಭಾಂಡುಪ್, ವಿಕ್ರೋಳಿ, ಅಸಲ್ಫಾ, ಮಲಾಡ್ ಪೂರ್ವದ ದಿಣ್ಣೆಗಳಲ್ಲಿ ತಗಡಿನ ಮನೆಗಳು. ಅದೇ ಕಪ್ಪುಬಂಡೆ, ಅದೇ ಕಡಲ ಗಾಳಿ, ಹೆಚ್ಚುಕಡಿಮೆ ಅದೇ ಎತ್ತರ. ಒಂದು ಕಡೆ ಎತ್ತರಕ್ಕೆ ಬೆಲೆ ಏರಿತು, ಇನ್ನೊಂದು ಕಡೆ ಎತ್ತರದಿಂದಾಗಿಯೇ ಬೆಲೆ ಇಳಿಯಿತು. ವ್ಯತ್ಯಾಸ ನಳದಲ್ಲಿದೆ. ಮಲಬಾರ್ ಹಿಲ್‌ನ ತಲೆಯ ಮೇಲೆ, ಹ್ಯಾಂಗಿಂಗ್ ಗಾರ್ಡನ್‌ನ ಹುಲ್ಲುಹಾಸಿನ ಕೆಳಗೆ, ಜಲಾಶಯವೇ ಇದೆ. ಭಾಂಡುಪಿನ ಟೇಕಡಿಯ ಪಕ್ಕದಲ್ಲೂ ನೀರಿದೆ, ನಗರಕ್ಕೆಲ್ಲ ನೀರು ಶುದ್ಧ ಮಾಡಿ ಕಳಿಸುವ ಬೃಹತ್ ಕೇಂದ್ರ ಅಲ್ಲಿದೆ. ಆದರೆ ಆ ನೀರು ತಗ್ಗಿನತ್ತ ದಕ್ಷಿಣಕ್ಕೆ ಹರಿದು ಹೋಗುತ್ತದೆ. ನೆರೆಯ ಗುಡ್ಡ ಹತ್ತುವಷ್ಟು ಒತ್ತಡ ಅದಕ್ಕಿಲ್ಲ. ನೀರು ಹತ್ತದ ನೆಲವನ್ನು ಬಿಲ್ಡರನೂ ಕೇಳುವುದಿಲ್ಲ, ಮಧ್ಯಮವರ್ಗವೂ ಕೇಳುವುದಿಲ್ಲ. ಅದಕ್ಕೇ ಅದು ಬಡವರಿಗೆ ಸಿಗುತ್ತದೆ. ನಾವು ಗುಡ್ಡದ ಬುಡದಲ್ಲಿದ್ದ ಚಾಳಿನಲ್ಲಿ ಬೆಳಗಿನ ನಾಲ್ಕೂವರೆಗೆ ನೀರು ಹಿಡಿಯುವಾಗ, ಮೇಲಿನ ಹೆಂಗಸರು ಕೊಡ ಹಿಡಿದು ಇಳಿದು ಬಂದು ನಮ್ಮದಾಗುವವರೆಗೆ ಕಾಯುತ್ತ ನಿಲ್ಲುತ್ತಿದ್ದರು. ಪ್ರತಿ ಇಪ್ಪತ್ತು ಮೆಟ್ಟಿಲಿಗೆ ಬಾಡಿಗೆ ಇಷ್ಟು ಕಡಿಮೆ ಎಂದು ಲೆಕ್ಕವಿತ್ತು.

ಮಳೆಗಾಲದಲ್ಲಿ ಲೆಕ್ಕ ಇನ್ನೂ ಕಟುವಾಗುತ್ತದೆ. ನಮ್ಮೂರ ಕಡೆ 'ಬರೆ ಜರಿಯುವುದು' ಎನ್ನುತ್ತೇವೆ, ಇಲ್ಲಿ 'ದರಡ್'. ಬಂಡೆಯ ಮೇಲೆ ಮಣ್ಣಿನ ತೆಳು ಹೊದಿಕೆ ಇರುತ್ತದೆ. ಮನೆಗಾಗಿ ಇಳಿಜಾರನ್ನು ಮೆಟ್ಟಿಲಿನಂತೆ ಕಡಿದು, ತೆಗೆದ ಮಣ್ಣನ್ನು ಮುಂದಕ್ಕೆ ಚೆಲ್ಲಿ, ಅದರ ಮೇಲೆ ಇನ್ನೊಂದು ಮನೆ. ನೀರು ಹರಿಯುತ್ತಿದ್ದ ಕೊರಕಲೇ ಓಣಿ. ಮಳೆನೀರು ದಾರಿ ಕಾಣದೆ ಮಣ್ಣಿನೊಳಗೆ ಇಳಿಯುತ್ತದೆ, ಮಣ್ಣು ಭಾರವಾಗಿ ಬಂಡೆಯ ಮೇಲಿಂದ ಜಾರುತ್ತದೆ. 2000ದ ಜುಲೈಯಲ್ಲಿ ಘಾಟ್‌ಕೋಪರ್‌ನ ಆಜಾದ್ ನಗರದಲ್ಲಿ ಅರವತ್ತಕ್ಕೂ ಹೆಚ್ಚು ಜನ ಹೋದರು. 2019ರ ಜುಲೈಯಲ್ಲಿ ಮಲಾಡಿನ ಪಿಂಪ್ರಿಪಾಡಾದಲ್ಲಿ ಗುಡ್ಡದ ಮೇಲಿನ ಜಲಾಶಯದ ಆವರಣ ಗೋಡೆ ನೀರಿನ ಒತ್ತಡಕ್ಕೆ ಮುರಿದು ಗುಡಿಸಲುಗಳ ಮೇಲೆ ಬಿತ್ತು. ಕೊಡಕ್ಕೆ ಹತ್ತದ ನೀರು ಗೋಡೆ ಒಡೆದು ಇಳಿಯಿತು. 2021ರ ಜುಲೈ 18ರ ನಸುಕಿನಲ್ಲಿ ಚೆಂಬೂರಿನ ಭಾರತ್ ನಗರ, ವಿಕ್ರೋಳಿಯ ಸೂರ್ಯನಗರ. ವಿಕ್ರೋಳಿಯಲ್ಲಿ ನನ್ನ ಇಬ್ಬರು ಹಳೆಯ ವಿದ್ಯಾರ್ಥಿನಿಯರ ಮನೆಗಳಿದ್ದವು. ಬೆಳಗ್ಗೆ ಆರು ಗಂಟೆಗೇ ಫೋನು ಮಾಡಿದೆ. ಇಬ್ಬರೂ ಎತ್ತಿದರು. ಆಮೇಲೆ ಚಹಾ ಮಾಡುವುದಕ್ಕೆ ಕೈ ಬರಲಿಲ್ಲ.

ಬೆಟ್ಟದಿಂದ ದೂರ ಇದ್ದರೆ ಕ್ಷೇಮ ಎಂದೂ ಅಲ್ಲ. 2005ರ ಜುಲೈ 26ರಂದು ನಾನು ಕುರ್ಲಾದ ಹತ್ತಿರ ಒಂದು ಶಾಲೆಯಲ್ಲಿದ್ದೆ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ 944 ಮಿಲಿಮೀಟರು. ವಿಹಾರ್, ಪವಾಯಿ ಕೆರೆಗಳ ಕೋಡಿಯ ನೀರೇ ಮೀಠೀ ನದಿ. ಅದು ಬೆಟ್ಟದ ನೀರನ್ನೆಲ್ಲ ಹೊತ್ತು ಬರುವಾಗ ಇತ್ತ ಮಾಹೀಮ್ ಖಾರಿಯಲ್ಲಿ ಭರತ. ಮಧ್ಯೆ ಕುರ್ಲಾ. ಸಂಜೆ ನಾಲ್ಕಕ್ಕೆ ಅಂಗಳದಲ್ಲಿ ಮೊಣಕಾಲುದ್ದ, ಆರಕ್ಕೆ ನೆಲಮಹಡಿಯ ಬೋರ್ಡು ಮುಳುಗಿತ್ತು. ಹನ್ನೊಂದು ಮಕ್ಕಳನ್ನು ಮೇಲಿನ ಮಹಡಿಯಲ್ಲಿ ಮೇಜಿನ ಮೇಲೆ ಮಲಗಿಸಿ, ಡಬ್ಬಿಯಲ್ಲಿ ಉಳಿದಿದ್ದ ಅವಲಕ್ಕಿ ಹಂಚಿ ರಾತ್ರಿ ಕಳೆದೆವು. ಮರುದಿನ ಫೋನು ಸಿಕ್ಕಿದಾಗ ಕೊಲಾಬಾದ ಹೋಟೆಲಿನಲ್ಲಿದ್ದ ನನ್ನ ತಮ್ಮ ಕೇಳಿದ, "ಅಕ್ಕ, ನಿನ್ನೆ ಯಾಕೆ ಮನೆಗೆ ಹೋಗ್ಲಿಲ್ಲ? ಇಲ್ಲಿ ಸಣ್ಣ ಮಳೆ ಅಷ್ಟೆ." ಅವನು ಸುಳ್ಳು ಹೇಳಿರಲಿಲ್ಲ. ಕೊಲಾಬಾದಲ್ಲಿ ಆ ದಿನ ದಾಖಲಾದದ್ದು 73 ಮಿಲಿಮೀಟರು.

ಈಗ ನಗರದ ಬಾಯಾರಿಕೆಗೆ ವಿಹಾರ್, ತುಳಸಿ ಸಾಲುವುದಿಲ್ಲ. 1892ರಲ್ಲಿ ತಾನಸಾ, ಆಮೇಲೆ ವೈತರಣಾದ ಒಂದೊಂದೇ ಅಣೆಕಟ್ಟು, ಭಾತ್ಸಾ. ನೂರು ಕಿಲೋಮೀಟರು ಆಚೆ ಸಹ್ಯಾದ್ರಿ ಗಾಳಿಯಿಂದ ಹಿಂಡಿ ಇಳಿಸಿದ ನೀರೇ ಬಹುಪಾಲು ಇಳಿಜಾರಿನ ಬಲದಿಂದ ಕೊಳವೆಯಲ್ಲಿ ಇಲ್ಲಿಗೆ ಬರುತ್ತದೆ. ಕೋಟಿಗಟ್ಟಲೆ ಜನ ಸಮುದ್ರಮಟ್ಟದಲ್ಲಿ ಬದುಕಿರುವುದು ಆ ಬೆಟ್ಟ ಅಲ್ಲಿರುವುದರಿಂದ. ಜೂನ್ ತಡವಾದರೆ ಪತ್ರಿಕೆಗಳು ಕೆರೆಗಳ ಮಟ್ಟವನ್ನು ಕ್ರಿಕೆಟ್ ಸ್ಕೋರಿನಂತೆ ಅಚ್ಚು ಹಾಕುತ್ತವೆ. ಆ ಕೆರೆಗಳಲ್ಲಿ ದೊಡ್ಡವು ಕೆಲವು ಇರುವ ಶಹಾಪುರ ತಾಲ್ಲೂಕಿನ ಹಳ್ಳಿಗಳಿಗೆ ಮೇ ತಿಂಗಳಲ್ಲಿ ಟ್ಯಾಂಕರ್ ಹೋಗುತ್ತದೆ. ಅವು ಗುಡ್ಡದ ಮೇಲಿವೆ, ಕೆರೆ ಕೆಳಗಿದೆ. ಭಾಂಡುಪಿನ ಟೇಕಡಿಯದೇ ಪಾಠ, ಇನ್ನೂ ದೊಡ್ಡ ಅಕ್ಷರದಲ್ಲಿ.

ಮಗಳು ಐದಾರು ವರ್ಷದ ಹಿಂದೆ ಬದ್ಲಾಪುರದಲ್ಲಿ ಮನೆ ಕೊಂಡಳು. ಕೈಗೆಟುಕುವ ಬೆಲೆ, ಬಾಲ್ಕನಿಯಿಂದ ಚಂದೇರಿ ಗುಡ್ಡದ ಚೂಪು ತುದಿ ಕಾಣುತ್ತದೆ. ಬೆಟ್ಟ ಕಾಣುವುದಕ್ಕೇ ಜಾಹೀರಾತಿನಲ್ಲಿ ಚದರಡಿಗೆ ಇಷ್ಟು ಹೆಚ್ಚಿಗೆ. ಬೇಸಿಗೆ ಬಂದಾಗ ಗೊತ್ತಾಯಿತು, ಮಧ್ಯಾಹ್ನ ಮುಂಬೈಗೆ ಬರುವ ಕಡಲಗಾಳಿ ಅಷ್ಟು ಒಳಗೆ ತಲುಪುವಷ್ಟರಲ್ಲಿ ಸಂಜೆ. ನಮ್ಮಲ್ಲಿ 34 ಇದ್ದಾಗ ಅವಳಲ್ಲಿ 40, 41. ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ಉಲ್ಹಾಸ್ ನದಿ. 2019ರ ಜುಲೈಯಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ವಾಂಗಣಿಯ ಬಳಿ ನೆರೆನೀರಿನ ನಡುವೆ ನಿಂತು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಯಲ್ಲಿ ಇಳಿಸಿದ್ದು ಅಲ್ಲೇ. 2023ರ ಜುಲೈ 19ರ ರಾತ್ರಿ ಖಾಲಾಪುರದ ಇರ್ಶಾಲ್‌ವಾಡಿ ಎಂಬ ಠಾಕರರ ವಾಡಿ ಗುಡ್ಡದಡಿ ಹೂತುಹೋಯಿತು. 27 ಶವ ಸಿಕ್ಕಿದವು, 57 ಜನ ಸಿಗಲೇ ಇಲ್ಲ. ಅವರು ಅಗ್ಗಕ್ಕೆ ಸಿಕ್ಕಿತೆಂದು ಅಲ್ಲಿಗೆ ಹೋದವರಲ್ಲ, ತಲೆತಲಾಂತರದಿಂದ ಅಲ್ಲೇ ಇದ್ದವರು.

ಕಳೆದ ವರ್ಷ ಜೂನ್‌ನಲ್ಲಿ ಭಾಂಡುಪ್ ಸ್ಟೇಷನ್ನಿನ ಹೊರಗೆ ರಿಕ್ಷಾ ಒಂದು ನಿಂತಿತು. "ಟೀಚರ್, ಹತ್ರಿ." ಅದೇ ಹುಡುಗ. ನೆತ್ತಿ ಬೋಳಾಗಿದೆ, ಮುಂಬೈಯಲ್ಲೇ ಹುಟ್ಟಿದ ಇಬ್ಬರು ಮಕ್ಕಳು. ಇನ್ನೂ ಅದೇ ಟೇಕಡಿ. ಮನೆಗೆ ಬರಲೇಬೇಕೆಂದು ಹಟ ಹಿಡಿದ. ನೂರಾ ಹನ್ನೆರಡು ಮೆಟ್ಟಿಲು. ನಾಲ್ಕು ಕಡೆ ಕೂತು ಹತ್ತಿದೆ. ದಾರಿಯಲ್ಲಿ 'ದರಡ್‌ಪ್ರವಣ ಕ್ಷೇತ್ರ, ಮಳೆಗಾಲದಲ್ಲಿ ಸುರಕ್ಷಿತ ಜಾಗಕ್ಕೆ ತೆರಳಿ' ಎಂಬ ಮರಾಠಿ ಫಲಕ. ಅದರ ಕಂಬಕ್ಕೆ ಯಾರೋ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. "ಜೋರು ಮಳಿ ಬಂದ್ರ ರಾತ್ರಿ ಕೆಳಗ ರಿಕ್ಷಾದಾಗ ಮಲಗ್ತೀವ್ರಿ, ನಾಲ್ಕೂ ಮಂದಿ."

ಮನೆಯ ಮೇಲೆ ಇನ್ನೊಂದು ಮಾಳಿಗೆ ಏರಿಸಿದ್ದಾನೆ, ನೀಲಿ ತಾಡಪತ್ರಿ ಹೊದಿಸಿದೆ. ಕಿಟಕಿಯಿಂದ ತಣ್ಣನೆ ಗಾಳಿ. ಒಂದು ಕಡೆ ಕಾಡಿನ ಹಸಿರು, ಇನ್ನೊಂದು ಕಡೆ ಖಾರಿಯವರೆಗೆ ನಗರ. ಮಲಬಾರ್ ಹಿಲ್‌ನಲ್ಲಿ ಈ ನೋಟಕ್ಕೆ ಎಷ್ಟು ಕೋಟಿಯೋ. ಅವನಿಗೆ ಹಳೆಯ ಪಾಠ ನೆನಪಿಸಿ, "ನೀನು ಹೇಳಿದ್ದು ಸರಿ ಇತ್ತು, ಪುಸ್ತಕದಲ್ಲೇ ತಪ್ಪು" ಎಂದು ಮೂವತ್ತು ವರ್ಷದ ಬಾಕಿ ತೀರಿಸಿದೆ.

ಅವನಿಗೆ ನೆನಪೇ ಇರಲಿಲ್ಲ. "ಹೌದ್ರಿ?" ಎಂದು ನಕ್ಕು, ಹೆಂಡತಿಯನ್ನು ಕರೆದು, ಈಗ ಮೋಟಾರು ಹಾಕಿಸಿದ್ದೇವೆ, ಹದಿನಾರು ಮನೆ ಸೇರಿ ಪೈಪು ಎಳೆಸಿದ್ದೇವೆ, ಬೆಳಗ್ಗೆ ನಲವತ್ತು ನಿಮಿಷ ನೀರು ಮೇಲಕ್ಕೇ ಬರುತ್ತದೆ ಎಂದು ಹುಮ್ಮಸ್ಸಿನಿಂದ ಹೇಳತೊಡಗಿದ. ಆಕೆ ಮೂಲೆಯ ಡ್ರಮ್ಮಿನ ಮುಚ್ಚಳ ತೆಗೆದು ನನಗೊಂದು ಲೋಟ ಮೊಗೆದು ಕೊಟ್ಟಳು. ತುಂಬ ಅಲ್ಲ, ಮುಕ್ಕಾಲು.